ಹೊತ್ತದ್ದು ಹದಿನಾಲ್ಕು ಕಿಲೋ

ಮೂಳೆ ಡಾಕ್ಟರ ಕೋಣೆಯ ಹೊರಗೆ ನನ್ನ ಪಕ್ಕದಲ್ಲಿ ಸೊಂಟಕ್ಕೆ ಬೆಲ್ಟ್ ಬಿಗಿದ ಒಬ್ಬ ಅಪ್ಪ, ರಸಾಯನಶಾಸ್ತ್ರದ ಪುಸ್ತಕ ಹಿಡಿದ ಮಗಳು ಕೂತಿದ್ದರು. ಆತ ಮನೆಮನೆಗೆ ಗ್ಯಾಸ್ ಸಿಲಿಂಡರ್ ಹೊರುವವನು.

“ಮೂವತ್ತು ವರ್ಷ ಹೊತ್ತೆ ಪುಟ್ಟಿ. ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು. ಎಲ್ಲಾ ಉರಿದು ಮಾಯ.”

“ಮಾಯ ಆಗಲ್ಲಪ್ಪ. ಸಮೀಕರಣದ ಎರಡೂ ಕಡೆ ಸಮ ಇರ್ಲೇಬೇಕು. ಒಂದು ಸಿಲಿಂಡರಲ್ಲಿ ಗ್ಯಾಸ್ ಎಷ್ಟಿರುತ್ತೆ?”

“ಕಬ್ಬಿಣದ ತೂಕ ಕಳೆದ್ರೆ ಹದಿನಾಲ್ಕು ಕಿಲೋ.”

ಅವಳು ಡಾಕ್ಟರ ಚೀಟಿಯ ಹಿಂದೆ ಮೋಲ್ ಲೆಕ್ಕ ಹಾಕಿದಳು.

“ಅಷ್ಟೂ ಉರಿದ್ರೆ ನಲವತ್ತೆರಡು ಕಿಲೋ ಕಾರ್ಬನ್ ಡೈಆಕ್ಸೈಡ್, ಇಪ್ಪತ್ತೆರಡು ಕಿಲೋ ನೀರು.”

“ಬೆಂಕಿಯಿಂದ ನೀರಾ?”

“ಹೂಂ, ಆವಿಯಾಗಿ ಹೋಗುತ್ತೆ.”

“ನಿನ್ನ ಲೆಕ್ಕ ತಪ್ಪು. ಒಟ್ಟು ಅರವತ್ನಾಲ್ಕಾಯ್ತಲ್ಲ. ನಾನು ಕೊಟ್ಟಿದ್ದು ಹದಿನಾಲ್ಕೇ, ಅದೂ ಗಿರಾಕಿಗಳೆದುರಿಗೇ ತೂಗಿ.”

“ಮಿಕ್ಕ ಐವತ್ತು ಗಾಳೀಲಿರೋ ಆಕ್ಸಿಜನ್. ಉರಿಯೋವಾಗ ಬಂದು ಸೇರ್ಕೊಳ್ಳುತ್ತೆ.”

ಆತ ಖಾಲಿ ಅಂಗೈಯನ್ನು ಮೆಲ್ಲಗೆ ಮೇಲೆತ್ತಿ, ಕೆಳಗಿಳಿಸಿ, ತೂಗಿ ನೋಡಿದ.

“ನಾಲ್ಕನೇ ಮಹಡೀಲೂ?”

“ನಾಲ್ಕನೇ ಮಹಡೀಲೂ ಅಪ್ಪ.”

ನರ್ಸ್ ಕರೆದಳು. ಆತ ಮಗಳ ಭುಜ ಹಿಡಿದು ಎದ್ದ.

“ಐವತ್ತು ಕಿಲೋ,” ಎಂದ ಬಾಗಿಲ ಬಳಿ. “ನಾನು ಏದುಸಿರು ಬಿಟ್ಕೊಂಡು ಹತ್ತೋ ಮುಂಚೆನೇ ಮೇಲೆ ಹೋಗಿ ಕೂತಿರ್ತಿತ್ತು.”