ಕೆಂಪು ತೋಳು

ಕಣ್ಣಾಸ್ಪತ್ರೆಯಲ್ಲಿ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕುಳಿತಿದ್ದ ಟೀಚರೊಬ್ಬರಿಗೆ ಕಿವಿಯೊಂದೇ ಆಸರೆ. ಪಕ್ಕದಲ್ಲಿ ತಾಯಿ, ಮಗಳು ಮಾತಿಗಿಳಿದಿದ್ದರು.

“ಭಾನುವಾರ ಬರ್ತೀಯೋ ಇಲ್ವೋ, ಅಮ್ಮಾ? ಫುಟ್‌ಬಾಲ್ ಕ್ಲಬ್ಬಿನವರು ಮತ್ತೆ ಫೋನ್ ಮಾಡಿದ್ರು. ಲೀಗ್ ಕಪ್ ಕ್ಯಾಪ್ಟನ್ ಕೈಗೆ ನೀನೇ ಕೊಡಬೇಕಂತೆ.”

“ಯಾಕೆ, ಗೋಲು ಹೊಡೆದಿದ್ದು ನಾನಾ?”

“ಮೊದಲನೇ ಅಂಗಿ ಹೊಲಿದವಳು ನೀನಲ್ವಾ! ಮಿಲ್ಲಿನವರು ಬರಿಗಾಲಲ್ಲಿ ಆಡ್ತಿದ್ದ ಕಾಲದಿಂದ ಅದೇ ನೀಲಿ ಅಂಗಿ, ಅದೇ ಕೆಂಪು ಎಡತೋಳು. ಈ ಸಲವಂತೂ ನಮ್ಮ ಮೈದಾನದಲ್ಲಿ ಒಂದು ಮ್ಯಾಚೂ ಸೋತಿಲ್ಲ.”

“ಆ ಕೆಂಪು ಕೂಲಿಕಾರರ ರಕ್ತದ ಗುರುತು ಅಂತ ಗೇಟಿನ ಮೇಲೆ ಬರೆಸಿದಾರೆ. ಮೈಕ್ ಹಿಡಿದು ಕೇಳಿದ್ರೆ ಏನು ಹೇಳ್ಲಿ? ನೀಲಿ ಬಟ್ಟೆ ಸಾಲದೆ ನನ್ನ ಒಳಲಂಗ ಕತ್ತರಿಸಿದೆ ಅಂತಾನಾ?”

“ಅಯ್ಯೋ! ಅಪ್ಪಂಗೆ ಗೊತ್ತಿತ್ತಾ?”

“ಗೊತ್ತಿದ್ರೆ ನಿಮ್ಮಪ್ಪ ಅದನ್ನ ಹಾಕ್ಕೊಂಡು ಗೋಲಿನ ಮುಂದೆ ನಿಲ್ತಿದ್ರಾ? ಮದುವೆಗೆ ತಂದಿದ್ದು ಕಣೇ. ಇದ್ದಿದ್ದೇ ಅದೊಂದು ಒಳ್ಳೇದು.”



“ಹಾಗಾದ್ರೆ ಇಡೀ ಸ್ಟೇಡಿಯಂ ನಿನ್ನ ಲಂಗ ತೊಟ್ಕೊಂಡು ಕುಣೀತಿದೆ. ಬಂದು ಅದನ್ನೇ ಹೇಳು. ರಕ್ತಕ್ಕಿಂತ ಕಡಿಮೆಯದೇನಲ್ಲ ಅದು.”

ಮುದುಕಿ ಬಹಳ ಹೊತ್ತು ನಗುತ್ತಲೇ ಇದ್ದಳು. ಅಷ್ಟರಲ್ಲಿ ನರ್ಸ್ ಕರೆದಳು. ಬೆಂಚು ಕಿರುಗುಟ್ಟಿತು.

“ಡಾಕ್ಟರನ್ನ ಕೇಳು, ಭಾನುವಾರದೊಳಗೆ ನನ್ನ ಕಣ್ಣಿನ ಪಟ್ಟಿ ಬಿಚ್ತಾರಾ ಅಂತ,” ಎಂದಳು ತಾಯಿ, ಹೆಜ್ಜೆ ಹಾಕುತ್ತಾ. “ಕಪ್ ಕೊಡುವಾಗ ಅಷ್ಟೂ ಕೆಂಪು ತೋಳು ನಂಗೆ ಚೆನ್ನಾಗಿ ಕಾಣಬೇಕು.”