ಮನೆ ನೋಡಾಕೆ ಬಂದೋರು

...ಇನ್ನರ್ಧ ಮುದ್ದೆ ಹಾಕಿಸ್ಕೊಳ್ರಿ ದೊಡ್ಡಣ್ಣನೋರೆ. ಬಿಳಿಚೋಡಿಂದ ಬಂದು ಈ ಗುಡ್ಡ ಹತ್ತೀರಿ, ಹಸಿವಾಗಿರ್ತೈತೆ. ಮಗಳನ್ನ ಕೊಡೋ ಮನೆ ನೋಡಾಕೆ ಬಂದೋರು ನಾಚ್ಕೊಂಡು ಉಣ್ಣಬಾರ್ದು. ಬೀಗ್ರು ಅಂತ ಈಗ್ಲೇ ಕರೀಲಾ, ಬ್ಯಾಡವಾ? ...ಯಾಕ್ ನಗ್ತೀರಿ? ಓ, ನಾನು ಆಕಳಿಸಿದ್ದಕ್ಕಾ. ನಿದ್ದೆ ಇಲ್ಲ ನೋಡ್ರಿ. ನೀವು ಬರ್ತೀರಿ ಅನ್ನೋ ಖುಷಿಗೆ ಇಡೀ ಹಟ್ಟಿಗೇ ನಿದ್ದೆ ಇಲ್ಲ.

ಏನೋ ಕೇಳಿದ್ರಿ... ಹೂಂ, ಊರು ಗುಡ್ಡದ ಮ್ಯಾಲೆ ಯಾಕೈತೆ ಅಂತ. ಪ್ಲೇಗು ರೀ. ನಮ್ಮಜ್ಜನ ಕಾಲಕ್ಕೆ ಊರು ಕೆಳಗಿತ್ತು, ಹಳ್ಳದ ಮಗ್ಗುಲಿಗೆ. ಇಲಿ ಬಿದ್ವು, ಹಿಂದೇ ಜನ ಬಿದ್ರು. ಉಳಿದೋರು ಕುರಿ ಹೊಡ್ಕೊಂಡು ಮ್ಯಾಲೆ ಬಂದು ಗುಡ್ಲು ಹಾಕಿದ್ರು. ರೋಗ ಹೋದ್ಮ್ಯಾಲೆ ಇಳಿಯೋದು ಅಂತ ಮಾತಾಗಿತ್ತಂತೆ. ಮೊದ್ಲು ಯಾರು ಇಳೀಬೇಕು? ನೀನ್ ಇಳಿ, ನೀನ್ ಇಳಿ ಅಂತಾನೇ ಮಕ್ಳಾದ್ರು, ಮೊಮ್ಮಕ್ಳಾದ್ರು, ಗುಡ್ಲು ಹೋಗಿ ಕಲ್ಲಿನ ಮನೆ ಆದ್ವು. ಹಂಗೆ ನಮ್ಮ ಜನ. ಹಠ ಅಂತೀರೋ, ಸೋಮಾರಿತನ ಅಂತೀರೋ. ಆದ್ರೆ ಒಬ್ರ ಮನೆ ಕೆಲಸ ಅಂದ್ರೆ ಎಲ್ರೂ ಬರ್ತಾರೆ. ಕರೀಬೇಕಾಗಿಲ್ಲ.

ನೀರಾ? ಅಯ್ಯೋ, ನೀರಿಗೇನ್ ರೀ... ಬರೋವಾಗ ನೋಡಿದ್ರಲ್ಲ, ಬೀದಿ ತುಂಬಾ ನೀರು ಹಾಕೈತೆ, ಎತ್ತಿನ ಮೈ ತೊಳೆದೈತೆ. ಬಾವಿ? ಐತೆ, ಐತೆ. ಆಮ್ಯಾಲೆ ನೋಡಿದ್ರಾತು, ಎಲ್ಲಿಗೆ ಓಡಿಹೋಗ್ತೈತೆ ಅದು. ಸಾಕಾ? ಏಳ್ರಿ ಹಂಗಾರೆ, ಕೈ ತೊಳ್ಕೊಳ್ರಿ. ಗಾದ್ರೀ, ಬೀಗರ ಕೈಗೆ ನೀರು ಹಾಕು. ಚೆಲ್ರಿ, ಧಾರಾಳವಾಗಿ ಚೆಲ್ರಿ, ಅಂಗಳಕ್ಕೇ...

ಏ ಗಾದ್ರೀ. ಆ ಬೋಗುಣಿ ಯಾಕ್ ಹಿಡಿದೆ ಕೈ ಕೆಳಗೆ? ತೆಗಿ ಅತ್ಲಾಗೆ. ...ಅದೇನಿಲ್ಲ ರೀ, ನನ್ನ ಹೆಂಡ್ತಿಗೆ ಒಂದು ಅಭ್ಯಾಸ. ಎಮ್ಮೆ ಕುಡೀತೈತೆ ಅಂತ...

ಕೈ ಒರೆಸ್ಕೊಳ್ರಿ. ...ಬೋಗುಣೀನೇ ನೋಡ್ತೀರಲ್ಲ. ಗೊತ್ತಾತೇನೋ ನಿಮ್ಗೆ, ದೊಡ್ಡಣ್ಣನೋರೆ. ಬೈರಿ ಬೇಕಾರೆ.

ಆತು ಬಿಡ್ರಿ. ಊರು ಮ್ಯಾಲೆ ಬಂತು, ಬಾವಿ ಬರ್ಲಿಲ್ಲ. ಕೆಳಗೇ ಐತೆ, ಹಳೇ ಊರಾಗೆ. ಕಾಣಬಾರ್ದು ಅಂತಾನೇ ನಿಮ್ಮನ್ನ ಸುತ್ತು ದಾರೀಲಿ ಹತ್ತಿಸಿದ್ದು. ನಿನ್ನೆಯಿಂದ ಇಡೀ ಹಟ್ಟಿ ಈ ನೀರು ಹೊತ್ತೈತೆ, ನನ್ನ ಮಗ ಓಬಣ್ಣಗೆ ಒಂದು ಹೆಣ್ಣಾಗ್ಲಿ ಅಂತ. ಬಂದ ಸಂಬಂಧ ಎಲ್ಲಾ ಬಾವಿ ನೋಡಿ ಅಲ್ಲಿಂದಾನೇ ತಿರುಗಿದ್ವು. ಎಮರ್ಜೆನ್ಸಿ ಟೈಮಿನಾಗೆ ಬೋರ್ ಲಾರಿ ಒಂದು ಬಂದಿತ್ತು, ಅರ್ಧ ಗುಡ್ಡಕ್ಕೆ ಅದೂ ವಾಪಸ್ ಹೋತು. ಇವತ್ತೊಂದಿನ ನೀರು ಚೆಲ್ಲಿ ಅಂತ ಎಲ್ರಿಗೂ ಹೇಳಿಟ್ಟಿದ್ದೆ. ಇವಳ ಕೈ ಕೇಳ್ಬೇಕಲ್ಲ. ಹನಿ ನೀರು ನೆಲಕ್ಕೆ ಬಿಟ್ಟು ಗೊತ್ತಿಲ್ಲ ಅದಕ್ಕೆ.

ತಲೆ ಮ್ಯಾಲಿನ ಸೆರಗು ಜಾರಿಸದ ಹೆಣ್ಮಗಳು ಅಂತ ಉಣ್ಣೋವಾಗ ಮೆಚ್ಕೊಂಡ್ರಿ ನೀವು. ಮರ್ಯಾದಿಗಲ್ಲ ರೀ ಅದು. ಕೊಡ ಹೊತ್ತು ಹೊತ್ತು ನೆತ್ತಿ ಮ್ಯಾಲೆ ಕೂದ್ಲೇ ಉಳಿದಿಲ್ಲ. ನನಗೂ ತೋರ್ಸಲ್ಲ.

...ನಿಮ್ಮ ಮಗಳ ಜಡೆ ಕಣ್ಮುಂದೆ ಬಂತಾ?

ಮೆಟ್ಟು ಹಾಕ್ಕೊಳ್ರಿ, ತಡೆಯಲ್ಲ. ನೆಟ್ಟನೆ ದಾರೀಲೇ ಇಳೀರಿ, ಗಾದ್ರಿ ಜತಿಗೆ ಬರ್ತಾಳೆ. ಬೀದಿಗೆ ಹಾಕಿ, ಎತ್ತಿಗೆ ಸುರಿದು, ಬಾನಿ ತಳ ಕಂಡೈತೆ. ನೀರಿಗೆ ಹೆಂಗೂ ಇಳೀಬೇಕಲ್ಲ ಅವಳು.