ಬಾಳೆಪಟ್ಟೆಯ ಗಂಟು

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಕುಳಿತಿದ್ದ ಶಾಂತಮೂರ್ತಿಯ ಕಿವಿ ಪಕ್ಕದ ಇಬ್ಬರು ಹೆಂಗಸರ ಮಾತಿನತ್ತ ಹೊರಳಿತು.

“ಬೆಲ್ಲದ ಕಂಪ್ನಿಯೋರು ಇನ್ಮೇಲೆ ಬೆಲ್ಲ ಕಟ್ಟಕ್ಕೆ ಪ್ಲಾಸ್ಟಿಕ್ ಬ್ಯಾಡ ಅಂದವ್ರೆ ಕಣಕ್ಕ. ಮಣ್ಣಲ್ಲಿ ಕರಗೋದೇ ಬೇಕಂತೆ. ಒಣಗಿದ ಬಾಳೆಪಟ್ಟೇಲಿ ಕಟ್ಟಿ ತೋರಿಸಿ ಅಂದ್ರು.”

“ನಿಂಗೆ ಕಟ್ಟಕ್ಕೆ ಬತ್ತದಾ, ನಾಗಶ್ರೀ?”

“ನಮ್ಮತ್ತೆ ಕಲಿಸಿದ್ರು. ಆಗ ಬೈಕಂಡೇ ಕಲ್ತೆ. ಇವತ್ತು ನಾ ಕಟ್ಟಿದ್ದನ್ನೇ ಒಪ್ಕಂಡ್ರು. ಆ ಪುಣ್ಯಾತ್ಗಿತ್ತಿಗೆ ಕೈ ಮುಗೀಬೇಕು.”

“ಮತ್ಯಾಕೆ ನಾ ನಿನ್ನ ಕರೆಯಕ್ಕೆ ಬಂದಾಗ ಕಂಪ್ನಿ ಸಾಹೇಬ್ರು ನಗ್ತಿದ್ರು?”

“ಧೂಳು ಕೂತೀತು ಅಂತ ಮೇಲೊಂದು ಪ್ಲಾಸ್ಟಿಕ್ ಕವರ್ ಆಕ್ಕಂಡು ಓಗಿದ್ದೆ.”

ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕರು.

“ಅತ್ತೆಗೆ ವಿಷ್ಯ ಏಳಿದ್ಯಾ?”

“ಫೋನ್ ಮಾಡಿದ್ದೆ. ‘ಗಂಟು ಬಿಗಿಯಾಗಿತ್ತೇನವ್ವಾ?’ ಅಂತ ಅದೊಂದೇ ಕೇಳಿದ್ರು.”

ಸತ್ತೇಗಾಲದ ಬಸ್ಸು ಬಂತು. ಹತ್ತುವವರ ನೂಕುನುಗ್ಗಲಿನಲ್ಲಿ ನಾಗಶ್ರೀಯ ಕೈಯ ಬೆಲ್ಲದ ಪೊಟ್ಟಣ ಬಾಳೆನಾರಿನಲ್ಲಿ ತೂಗಾಡಿ ಬಾಗಿಲಿಗೆ ಬಡಿಯಿತು. ಗಂಟು ಬಿಚ್ಚಲಿಲ್ಲ.